ಬಲಹೀನರನ್ನೇ ಕರೆಯುವ ಪ್ರಭು



ಭಾನುವಾರದ ಪೂಜೆಯಲ್ಲಿ ವಾಚನ ಓದಲು ಕರೆದರೆ, "ನನಗೆ ನಾಲಿಗೆ ತೊದಲುತ್ತದೆ, ಬೇರೆ ಯಾರನ್ನಾದರೂ ಕೇಳಿ" ಎನ್ನುತ್ತೇವೆ. ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡಲು ಗುರುಗಳು ಕೇಳಿದರೆ, "ನಾನು ಹೆಚ್ಚು ಓದಿದವಳಲ್ಲ ಸ್ವಾಮಿ" ಎಂದು ಹಿಂಜರಿಯುತ್ತೇವೆ. ಸೇವೆಗೆ ಇಳಿದವರಲ್ಲೂ ಕೆಲವರು, "ಮುಂಗೋಪಿಯಾದ ನನಗೆ ಇದೆಲ್ಲ ಯಾಕೆ?" ಎಂದು ಕ್ರಮೇಣ ದೂರ ಸರಿಯುತ್ತಾರೆ. ಕುಂದುಕೊರತೆ ಇಲ್ಲದವರಿಗೆ ಮಾತ್ರ ದೇವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಪವಿತ್ರ ಗ್ರಂಥ ನಮಗೆ ಕಲಿಸುವುದು ಇದನ್ನಲ್ಲ.

ಮೋಶೆ ಮಾತಿನಲ್ಲಿ ನಿಧಾನಿ. ತನ್ನಿಂದಾಗದು ಎಂದು ಅವನು ದೇವರ ಮುಂದೆ ಬೇಡಿಕೊಂಡ. ದೇವರು ಅವನ ನಾಲಿಗೆಯನ್ನು ಸರಾಗ ಮಾಡಿಕೊಡಲಿಲ್ಲ; ಅವನ ಪರವಾಗಿ ಮಾತನಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟರು. ಪೇತ್ರನು ಪ್ರಭುವನ್ನು ಮೂರು ಬಾರಿ ನಿರಾಕರಿಸಿದ. ಪುನರುತ್ಥಾನರಾದ ಯೇಸು ಅವನ ಪ್ರೀತಿಯನ್ನು ಮೂರು ಬಾರಿ ಕೇಳಿ, ತಮ್ಮ ಮಂದೆಯನ್ನು ಅವನಿಗೇ ಒಪ್ಪಿಸಿದರು. ಸಂತ ಪೌಲರು ತಮ್ಮ ದೇಹದಲ್ಲಿ ಚುಚ್ಚುವ ಒಂದು ಮುಳ್ಳಿನ ಬಗ್ಗೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುತ್ತಾರೆ. ಅದು ಏನೆಂದು ಅವರು ತಿಳಿಸಿಲ್ಲ. ಅದನ್ನು ತೆಗೆದುಹಾಕುವಂತೆ ಮೂರು ಸಲ ಬೇಡಿದರೂ ಮುಳ್ಳು ಉಳಿಯಿತು. ಬದಲಿಗೆ ತಮ್ಮ ಕೃಪೆ ಸಾಕೆಂಬ ಭರವಸೆಯನ್ನು ಪ್ರಭು ಕೊಟ್ಟರು.

ಧರ್ಮಕೇಂದ್ರಗಳ ಗುರುಗಳಿಗೆ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಬದುಕೂ ಇದಕ್ಕೆ ಸಾಕ್ಷಿ. ಅವರು 1786ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದ ಹತ್ತಿರದ ಹಳ್ಳಿಯೊಂದರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದರು. ಫ್ರೆಂಚ್ ಕ್ರಾಂತಿಯ ಗಲಭೆಯಲ್ಲಿ ಶಾಲೆ ಸರಿಯಾಗಿ ಸಿಗಲಿಲ್ಲ. ಇಪ್ಪತ್ತರ ಹರೆಯದಲ್ಲಿ ಲ್ಯಾಟಿನ್ ಕಲಿಯಲು ಕುಳಿತರು. ಅದು ತಲೆಗೆ ಹತ್ತಲಿಲ್ಲ. 1813ರಲ್ಲಿ ಲಿಯೋನಿನ ಗುರುಮಠಕ್ಕೆ ಸೇರಿದಾಗ ಅಲ್ಲಿನ ಲ್ಯಾಟಿನ್ ಪಾಠ ಅರ್ಥವಾಗದೆ ಹೊರಬರಬೇಕಾಯಿತು. ಆದರೆ ಅವರ ಗುರು ಬಾಲೆ ಸ್ವಾಮಿಗಳು ಕೈಬಿಡಲಿಲ್ಲ. ತಾವೇ ಫ್ರೆಂಚ್ ಭಾಷೆಯಲ್ಲಿ ಪಾಠ ಹೇಳಿದರು, ಮೇಲಿನವರ ಬಳಿ ಶಿಷ್ಯನ ಪರವಾಗಿ ಮಾತನಾಡಿದರು. ಹೀಗೆ ವಿಯಾನ್ನಿಯವರಿಗೆ 1815ರಲ್ಲಿ ಗುರುದೀಕ್ಷೆಯಾಯಿತು.

1818ರಲ್ಲಿ ಅವರನ್ನು ಕಳುಹಿಸಿದ್ದು ಸುಮಾರು 230 ಜನರಿದ್ದ ಆರ್ಸ್ ಎಂಬ ಹಳ್ಳಿಗೆ. ಪ್ರಸಂಗವನ್ನು ಕಷ್ಟಪಟ್ಟು ಬಾಯಿಪಾಠ ಮಾಡಿದರೂ ಜನರೆದುರು ನಿಂತಾಗ ಕೆಲವೊಮ್ಮೆ ಮರೆತುಹೋಗುತ್ತಿತ್ತು. ಅಕ್ಕಪಕ್ಕದ ಗುರುಗಳಲ್ಲಿ ಕೆಲವರು ಅವರ ವಿದ್ಯೆಯ ಕೊರತೆಯನ್ನು ಆಡಿಕೊಂಡರು. ತಮ್ಮ ವಿರುದ್ಧದ ದೂರು ಪತ್ರ ಕೈಗೆ ಬಂದಾಗ ಅದಕ್ಕೆ ತಾವೂ ಸಹಿ ಹಾಕಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಈ ಹೊಣೆಗೆ ತಾವು ಯೋಗ್ಯರಲ್ಲವೆಂಬ ಅಳುಕು ಅವರನ್ನು ಕೊನೆಯವರೆಗೂ ಕಾಡಿತು. ಒಂದಲ್ಲ, ಹಲವು ಸಲ ಊರು ಬಿಟ್ಟು ಹೋಗಲು ನೋಡಿದರು. 1853ರಲ್ಲಿ ರಾತ್ರಿಯ ವೇಳೆ ಹೊರಟಾಗ ಜನರೇ ತಡೆದು ಉಳಿಸಿಕೊಂಡರು. ಇದೇ ಗುರುವಿನ ಬಳಿ ಪಾಪನಿವೇದನೆ ಮಾಡಲು ದೂರದೂರದಿಂದ ಸಾವಿರಾರು ಜನ ಬರುತ್ತಿದ್ದರು. ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ಅವರು ಅಲ್ಲಿ ಕೂರುತ್ತಿದ್ದರು. ತನ್ನ ಕೊರತೆಯನ್ನು ಬಲ್ಲವನಿಗೆ ಇತರರ ಕಣ್ಣೀರು ಬೇಗ ಅರ್ಥವಾಗುತ್ತದೆ. 1859ರಲ್ಲಿ ಅವರು ನಿಧನರಾದರು. 1925ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಇದರಿಂದ ನಾವು ಕಲಿಯಬೇಕಾದ ಪಾಠಗಳು ಮೂರು.

ಮೊದಲನೆಯದು, ಬಲಹೀನತೆಯನ್ನು ಮುಚ್ಚಿಡಬೇಡಿ. ಪ್ರಾರ್ಥನೆಯಲ್ಲಿ ಪ್ರಭುವಿಗೆ ಹೇಳಿ; ನಂಬಿಕೆಯ ಗುರುಗಳಿಗೋ ಜೊತೆಯಲ್ಲಿ ಸೇವೆ ಮಾಡುವವರಿಗೋ ಹೇಳಿ. ಮೋಶೆಗೆ ಆರೋನನಿದ್ದ, ವಿಯಾನ್ನಿಯವರಿಗೆ ಬಾಲೆ ಸ್ವಾಮಿಗಳಿದ್ದರು. ನೆರವು ಕೇಳುವುದು ಅವಮಾನವಲ್ಲ.

ಎರಡನೆಯದು, ಬಲಹೀನತೆಯನ್ನು ಪಾಪಕ್ಕೆ ನೆಪ ಮಾಡಿಕೊಳ್ಳಬೇಡಿ. ತೊದಲು ಪಾಪವಲ್ಲ, ಮರೆವು ಪಾಪವಲ್ಲ. ಆದರೆ "ನನ್ನ ಸ್ವಭಾವವೇ ಹೀಗೆ" ಎಂದು ಹೆಂಡತಿ ಮಕ್ಕಳ ಮನಸ್ಸು ನೋಯಿಸುತ್ತಾ, ದೇವಾಲಯದಲ್ಲಿ ಮಾತ್ರ ಮುಂದೆ ನಿಲ್ಲುವುದು ಸೇವೆಯಲ್ಲ. ಅಲ್ಲಿ ಬೇಕಾದದ್ದು ಪಶ್ಚಾತ್ತಾಪ, ಪಾಪನಿವೇದನೆ, ನೊಂದವರಲ್ಲಿ ಕ್ಷಮೆ ಕೇಳುವ ಧೈರ್ಯ. ಪೇತ್ರನೂ ಮೊದಲು ಅತ್ತನಲ್ಲವೇ?

ಮೂರನೆಯದು, ಇತರರ ಕುಂದನ್ನು ಸಹಿಸಿಕೊಳ್ಳಿ. ವಾಚನದಲ್ಲಿ ತಡವರಿಸಿದ ಹುಡುಗನನ್ನು ನೋಡಿ ನಕ್ಕರೆ ಅವನು ಮತ್ತೆ ಪೀಠದ ಹತ್ತಿರ ಬರಲಾರ. ಸ್ವರ ತಪ್ಪಿದ ಗಾಯಕಿಯನ್ನು ಹಂಗಿಸಿದರೆ ಒಂದು ದನಿ ಶಾಶ್ವತವಾಗಿ ನಿಲ್ಲಬಹುದು. ಆರ್ಸ್‌ನ ಜನ ತಮ್ಮ ಗುರುವನ್ನು ಉಳಿಸಿಕೊಂಡಂತೆ, ನಾವೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳೋಣ.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಈ ಪ್ರಶ್ನೆಗಳನ್ನು ಚಿಂತಿಸಿರಿ:

1. ನನ್ನ ಯಾವ ಬಲಹೀನತೆ ನನ್ನನ್ನು ಸೇವೆಯಿಂದ ಹಿಂದೆ ಎಳೆಯುತ್ತಿದೆ?
2. ಅದನ್ನು ಯಾರೊಂದಿಗೆ ಹಂಚಿಕೊಳ್ಳಬಲ್ಲೆ?
3. ನನ್ನ ಟೀಕೆಯಿಂದ ಸೇವೆ ಬಿಟ್ಟವರು ನಮ್ಮ ಧರ್ಮಕೇಂದ್ರದಲ್ಲಿದ್ದಾರೆಯೇ? ಅವರನ್ನು ಮರಳಿ ಕರೆಯಲು ನಾನೇನು ಮಾಡಲಿ?

ಪ್ರಾರ್ಥನೆ: ಪ್ರಭುವೇ, ನಾನು ಹೇಗಿದ್ದೇನೆಂದು ನೀವು ಬಲ್ಲಿರಿ. ನನ್ನ ಕೊರತೆಗಳ ಸಮೇತ ನನ್ನನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ. ನನ್ನನ್ನು ತಿದ್ದಿರಿ, ನಡೆಸಿರಿ, ನಿಮ್ಮ ಜನರ ಸೇವೆಗೆ ಬಳಸಿಕೊಳ್ಳಿರಿ. ಆಮೆನ್.