ಉಗುರಿನ ಸೋರಿಯಾಸಿಸ್: ನಾನು ಕಲಿತ ಪಾಠಗಳು



ಸಂಘದ ಯುಗಾದಿ ಊಟಕ್ಕೆ ಪ್ರತಿ ವರ್ಷ ಕೋಸಂಬರಿ ಬಡಿಸುತ್ತಿದ್ದ ನಾನು ಎರಡು ವರ್ಷ ಬೆನ್ನುನೋವಿನ ನೆಪ ಹೇಳಿ ತಪ್ಪಿಸಿಕೊಂಡೆ. ನಿಜವಾದ ಕಾರಣ ನನ್ನ ಉಗುರುಗಳು. ಕೈ ನೋಡಿದವರು ಏನೆಂದುಕೊಂಡಾರೋ ಎಂಬ ನಾಚಿಕೆ. ನಮ್ಮಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇದ್ದರೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಏನಿದು?
ಸೋರಿಯಾಸಿಸ್ ಕೊಳಕಿನಿಂದ ಬರುವುದಲ್ಲ, ಅಂಟುರೋಗವೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಕಾರಣವಿಲ್ಲದೆ ಕೆರಳಿ, ಚರ್ಮದ ಜೀವಕೋಶಗಳು ಅತಿ ವೇಗವಾಗಿ ಬೆಳೆಯುತ್ತವೆ. ಚರ್ಮದ ಸೋರಿಯಾಸಿಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಉಗುರಿನಲ್ಲೂ ಇದು ಕಾಣಿಸುತ್ತದೆ. ಕೆಲವರಿಗೆ ಉಗುರಿನಲ್ಲಿ ಮಾತ್ರ.

ಗುರುತಿಸುವುದು ಹೇಗೆ?
ಉಗುರು ಹುಟ್ಟುವ ಬುಡದಲ್ಲಿ ತೊಂದರೆಯಾದರೆ ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಗುಳಿಗಳು ಬೀಳುತ್ತವೆ. ಉಗುರಿನ ಅಡಿಯ ಚರ್ಮಕ್ಕೆ ಬಂದರೆ ಎಣ್ಣೆ ಹನಿ ಬಿದ್ದಂತಹ ಹಳದಿ-ಕೆಂಪು ಕಲೆ ಕಾಣುತ್ತದೆ, ಉಗುರು ತುದಿಯಿಂದ ಬಿಟ್ಟುಕೊಳ್ಳುತ್ತದೆ, ಅಡಿಯಲ್ಲಿ ಪುಡಿಪುಡಿಯಾಗಿ ದಪ್ಪ ಕಟ್ಟುತ್ತದೆ.

ನನ್ನ ಮೊದಲ ತಪ್ಪು
ಇದು ಫಂಗಸ್ ಎಂದು ನಾನೇ ತೀರ್ಮಾನಿಸಿ, ಫಾರ್ಮಸಿಯಿಂದ ಫಂಗಸ್ ಔಷಧಿ ತಂದು ಒಂಬತ್ತು ತಿಂಗಳು ಹಚ್ಚಿದೆ. ಏನೂ ಪ್ರಯೋಜನವಾಗಲಿಲ್ಲ. ಎರಡೂ ನೋಡಲು ಒಂದೇ ತರಹ ಇರುತ್ತವೆ. ಕೆಲವೊಮ್ಮೆ ಎರಡೂ ಒಟ್ಟಿಗೆ ಇರುವುದೂ ಉಂಟು. ಉಗುರಿನ ಚೂರನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿದರೆ ಫಂಗಸ್ ಇದೆಯೇ ಎಂದು ತಿಳಿಯುತ್ತದೆ. ಮೊದಲು ಪರೀಕ್ಷೆ, ಆಮೇಲೆ ಔಷಧಿ.

ಎರಡನೆಯ ತಪ್ಪು
ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುತ್ತಿರಲಿಲ್ಲ. ಇಲ್ಲಿನ ಚಳಿ ಎಂದುಕೊಂಡು ಸುಮ್ಮನಿದ್ದೆ. ಅದು ಸೋರಿಯಾಸಿಸ್‌ನಿಂದ ಬರುವ ಸಂಧಿವಾತವಾಗಿತ್ತು. ಉಗುರಿನಲ್ಲಿ ಸೋರಿಯಾಸಿಸ್ ಇರುವವರಿಗೆ ಇದರ ಸಂಭವ ಹೆಚ್ಚು. ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ, ಒಂದು ಬೆರಳು ಪೂರ್ತಿ ಊದಿಕೊಂಡರೆ ಅಥವಾ ಹಿಮ್ಮಡಿ ನೋವು ಬಿಡದಿದ್ದರೆ ತಡಮಾಡದೆ ಡಾಕ್ಟರಿಗೆ ಹೇಳಿ. ಕೀಲು ಒಮ್ಮೆ ಸವೆದರೆ ಮತ್ತೆ ಮೊದಲಿನಂತಾಗುವುದಿಲ್ಲ.

ದಿನನಿತ್ಯದ ಆರೈಕೆ
೧. ಉಗುರನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಅಡಿಯ ಪುಡಿಯನ್ನು ಪಿನ್ನಿನಿಂದ ಕೆರೆಯಬೇಡಿ. ಪೆಟ್ಟು ಬಿದ್ದಷ್ಟೂ ಸೋರಿಯಾಸಿಸ್ ಕೆರಳುತ್ತದೆ.
೨. ಬೆಳ್ಳುಳ್ಳಿ ಸುಲಿಯುವುದು, ಅವರೆಕಾಳು ಹಿತುಕುವುದು ಮುಂತಾದ ಉಗುರಿನ ಕೆಲಸಗಳನ್ನು ಮನೆಯವರಿಗೆ ಬಿಟ್ಟುಕೊಡಿ. ನಾನು ಹಾಗೇ ಮಾಡಿದ್ದೇನೆ!
೩. ಪಾತ್ರೆ ತೊಳೆಯುವಾಗ ಹತ್ತಿಯ ಗ್ಲೌಸ್ ಹಾಕಿ, ಅದರ ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.
೪. ಕೈ ತೊಳೆದಾಗಲೆಲ್ಲ ಕ್ರೀಮ್ ಹಚ್ಚಿ. ಕೊಬ್ಬರಿ ಎಣ್ಣೆಯೂ ಆದೀತು, ಆದರೆ ಅದು ಒಣಗದಂತೆ ಕಾಪಾಡುತ್ತದೆಯೇ ಹೊರತು ರೋಗ ವಾಸಿ ಮಾಡುವುದಿಲ್ಲ.
೫. ಅಂಟಿಸುವ ಕೃತಕ ಉಗುರುಗಳು ಬೇಡ.

ಚಿಕಿತ್ಸೆ ಮತ್ತು ತಾಳ್ಮೆ
ಹಚ್ಚುವ ಸ್ಟೀರಾಯ್ಡ್, ಕ್ಯಾಲ್ಸಿಪೊಟ್ರಿಯಾಲ್ ಮುಲಾಮು, ಉಗುರಿನ ಬುಡಕ್ಕೆ ಇಂಜೆಕ್ಷನ್, ತೀವ್ರವಾಗಿದ್ದರೆ ಮೆಥೊಟ್ರೆಕ್ಸೇಟ್ ಅಥವಾ ಬಯಾಲಾಜಿಕ್ ಔಷಧಿಗಳು ಇವೆ. ಕೀಲುನೋವೂ ಇದ್ದುದರಿಂದ ನನಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನಾ ಅಲ್ಲ. ಆಗಾಗ್ಗೆ ರಕ್ತ ಪರೀಕ್ಷೆ ಕಡ್ಡಾಯ. ಗರ್ಭಿಣಿಯರು ತೆಗೆದುಕೊಳ್ಳಲೇಬಾರದು.

ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್. ಹೊಸ ಉಗುರು ಪೂರ್ತಿ ಬರಲು ಆರು ತಿಂಗಳು ಬೇಕು. ಕಾಲಿನ ಉಗುರಿಗೆ ಒಂದು ವರ್ಷಕ್ಕೂ ಹೆಚ್ಚು. ಎರಡು ತಿಂಗಳಿಗೇ ಔಷಧಿ ಕೆಲಸ ಮಾಡಲಿಲ್ಲ ಎಂದು ನಿಲ್ಲಿಸಬೇಡಿ.

ನನ್ನ ಉಗುರುಗಳಲ್ಲಿ ಈಗಲೂ ಗುಳಿಗಳಿವೆ. ಆದರೆ ಬೆಳಗ್ಗೆ ಬೆರಳು ಮಡಚುತ್ತದೆ. ಈ ಸಲದ ಯುಗಾದಿಗೆ ಕೋಸಂಬರಿ ಬಡಿಸಲು ನನ್ನ ಹೆಸರು ಕೊಟ್ಟಿದ್ದೇನೆ. ಯಾರಾದರೂ ಉಗುರಿನ ಬಗ್ಗೆ ಕೇಳಿದರೆ ಸಂತೋಷವಾಗಿ ಹೇಳುತ್ತೇನೆ.


ಸಂಘದ ಒಬ್ಬ ಸದಸ್ಯೆ