ತಂತಿ ಅದೇ, ಕರೆಂಟೂ ಅಷ್ಟೇ, ನಾಲಿಗೆ ಯಾಕೆ ತೊದಲಿತು?

ಪ್ರಶ್ನೆ: ನಮ್ಮ ಮಾವನವರಿಗೆ ಕಂಪವಾತ. ಮೆದುಳಿನೊಳಗೆ ತಂತಿ, ಎದೆಯಲ್ಲಿ ಬ್ಯಾಟರಿ ಇಟ್ಟಿದ್ದಾರೆ. ಹೋದ ಸಲ ಡಾಕ್ಟರು ‘ಪಾಯಿಂಟ್’ ಬದಲಿಸಿ ನೋಡಿದಾಗ ನಾಲಿಗೆ ತೊದಲಿತು. ಮತ್ತೆ ಹಳೆಯ ಪಾಯಿಂಟಿಗೆ ತಂದರೆ ಸರಿಹೋಯಿತು. ಹೀಗೇಕೆ? ಅವರು ನಮ್ಮ ಶೆಡ್ಡಿಗೆ ಬಂದು ಕೂರಬಹುದೇ?
— ಲೇತ್ ಆಪರೇಟರ್, ಕರೂರು ಕೈಗಾರಿಕಾ ಪ್ರದೇಶ, ದಾವಣಗೆರೆ

ಉತ್ತರ: ಲೇತ್ ಮೇಲೆ ನಿಂತವರಿಗೆ ಅರ್ಧ ಮಿಲಿಮೀಟರಿನ ಬೆಲೆ ಹೇಳಿಕೊಡಬೇಕಿಲ್ಲ. ಮಾವನವರ ತಲೆಯೊಳಗಿನ ಲೆಕ್ಕವೂ ಅದೇ ಅಳತೆಯದು. ಬಹಳ ಕಾಲದಿಂದ ಬಳಕೆಯಲ್ಲಿರುವ ತಂತಿಯ ದಪ್ಪ 1.27 ಮಿ.ಮೀ. ತುದಿಯಲ್ಲಿ ಲೋಹದ ನಾಲ್ಕು ಬಳೆಗಳು, ಒಂದೊಂದೂ 1.5 ಮಿ.ಮೀ. ಉದ್ದ. ಡಾಕ್ಟರು ತಂತಿಯನ್ನು ಅಲುಗಿಸಲಿಲ್ಲ, ಕರೆಂಟು ಹೊರಡುವ ಬಳೆಯನ್ನು ಬದಲಿಸಿದರು.

ಗುರಿ ಹೆಚ್ಚಾಗಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಗಂಟು. ಗಾತ್ರ ಸಣ್ಣ ಶೇಂಗಾ ಕಾಳಿನಷ್ಟು, ಅಕ್ಕಪಕ್ಕ ಮಾತ್ರ ಕಿಕ್ಕಿರಿದ ಓಣಿ. ಹೊರಮಗ್ಗುಲಲ್ಲಿ ಮುಖ, ನಾಲಿಗೆ, ಕೈಕಾಲುಗಳಿಗೆ ಆಜ್ಞೆ ಒಯ್ಯುವ ನರತಂತುಗಳ ಕಟ್ಟು ಇಳಿಯುತ್ತದೆ. ಕರೆಂಟು ಅತ್ತ ಹರಿದರೆ ಮಾತು ತೊದಲುತ್ತದೆ, ತುಟಿ ಸೆಳೆಯುತ್ತದೆ. ಮಾವನವರಿಗೆ ಆದದ್ದು ಬಹುಶಃ ಇದೇ. ಹಿಂಬದಿಗೆ ಸ್ಪರ್ಶದ ದಾರಿ, ಅಲ್ಲಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಒಳಮಗ್ಗುಲಲ್ಲಿ ಕಣ್ಣು ತಿರುಗಿಸುವ ನರದ ಎಳೆಗಳು. ವಿದ್ಯುತ್ತಿಗೆ ಕಾಯಿಲೆಯ ಗುರುತು ಸಿಗುವುದಿಲ್ಲ, ಹತ್ತಿರ ಇದ್ದವರನ್ನೆಲ್ಲ ಎಬ್ಬಿಸುತ್ತದೆ. ಜೀವಕೋಶದ ಒಡಲಿಗಿಂತ ಅದರ ಉದ್ದನೆಯ ತಂತು ಬೇಗ ಏಳುತ್ತದೆ. ದೂರ ಎರಡರಷ್ಟಾದರೆ ಬೇಕಾಗುವ ಕರೆಂಟು ಹೆಚ್ಚುಕಡಿಮೆ ನಾಲ್ಕರಷ್ಟು.

1999ರಲ್ಲಿ ಪ್ಯಾರಿಸ್‌ನ ವೈದ್ಯರು ವರದಿ ಮಾಡಿದ ಪ್ರಕರಣ ಓದಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. 65 ವರ್ಷದ ಕಂಪವಾತದ ಹೆಂಗಸು. ಒಂದು ಬಳೆಗೆ ಕರೆಂಟು ಕೊಟ್ಟೊಡನೆ ಅಳತೊಡಗಿದರು, ಬದುಕು ಸಾಕು ಎಂದರು. ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಮೊದಲಿನಂತಾದರು. ನಡುಕ, ಬಿಗಿತ ಇಳಿಸುತ್ತಿದ್ದ ಜಾಗ ಅಲ್ಲಿಂದ ಬರೇ 2 ಮಿ.ಮೀ. ಮೇಲಿತ್ತು!

ಇದಕ್ಕೇ ಆಪರೇಷನ್ ನಡುವೆ ಹಲವೆಡೆ ರೋಗಿಯನ್ನು ಎಚ್ಚರವಾಗಿಟ್ಟು ‘ಕೈ ಎತ್ತಿ, ಹೆಸರು ಹೇಳಿ’ ಎನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆಯಿದೆ. ಅಲ್ಲಿನ ಮೊದಲ ನಿರ್ದೇಶಕ ಡಾ. ಆರ್. ಎಂ. ವರ್ಮಾ ಬ್ಯಾಟರಿಯ ಕಾಲಕ್ಕೂ ಮೊದಲು ತಲೆಬುರುಡೆಯ ತಳದ ಸಹಜ ರಂಧ್ರದಿಂದ ಸೂಜಿ ತೂರಿಸಿ ಕಂಪವಾತಕ್ಕೆ ಚಿಕಿತ್ಸೆ ಮಾಡಿದವರು. ಆ ಕಾಲದ ಚಿಕಿತ್ಸೆಗಳಲ್ಲಿ ಒಮ್ಮೆ ಕೆಡಿಸಿದ ಜಾಗ ಮರಳಿ ಬರುತ್ತಿರಲಿಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ತಂಡ ಜಾಗ ಕೆಡಿಸುವ ಬದಲು ಸತತ ವಿದ್ಯುತ್ ಕೊಟ್ಟು ನೋಡಿತು. ನಿಮ್ಮ ಡಾಕ್ಟರು ಪಾಯಿಂಟನ್ನು ಹಿಂದಕ್ಕೆ ತರಲು ಆದದ್ದು ಆ ದಾರಿಯಿಂದ.

ಶೆಡ್ಡಿಗೆ ಬರಲಿ, ಆದರೆ ಆರ್ಕ್ ವೆಲ್ಡಿಂಗ್ ನಡೆಯುವ ಕಡೆ ಬೇಡ. ಅದರ ಕಾಂತಕ್ಷೇತ್ರ ಸಾಧನವನ್ನು ಗಲಿಬಿಲಿ ಮಾಡಬಹುದು. ಎಷ್ಟು ದೂರ ಇರಬೇಕೆಂದು ಮುಂದಿನ ತಪಾಸಣೆಯಲ್ಲಿ ಕೇಳಿ. ಅಲ್ಲಿಯವರೆಗೆ ಕುರ್ಚಿ ಹೊರಗೆ ಮರದಡಿ ಹಾಕಿ, ಮಂಡಕ್ಕಿ-ಮಿರ್ಚಿ ಅಲ್ಲಿಗೇ ತರಿಸಿ.