ಸೋತು ಗೆದ್ದ ನಾಯಕ

ತಂಡವನ್ನು ಗೆಲ್ಲಿಸುವವನೇ ನಾಯಕನೆಂದು ಹಲವರು ತಿಳಿದಿರುವರು. ಗೆಲುವಿಗಿಂತ ಹಿರಿದಾದುದೊಂದು ಇದೆಯೆಂಬುದನ್ನು ಭದ್ರಾವತಿಯ ಗುಂಡಪ್ಪ ವಿಶ್ವನಾಥರು ತೋರಿಸಿಕೊಟ್ಟರು.

1980ರ ಫೆಬ್ರವರಿ ತಿಂಗಳು. ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಟೆಸ್ಟ್ ಪಂದ್ಯ ನಡೆದಿತ್ತು. ವಿಶ್ವನಾಥರು ಭಾರತದ ನಾಯಕರು. ಇಂಗ್ಲೆಂಡ್ 58 ಓಟಗಳಿಗೆ 5 ಹುದ್ದರಿಗಳನ್ನು ಕಳೆದುಕೊಂಡಿತ್ತು. ಬಳಿಕ ಕಪಿಲ್ ದೇವರ ಎಸೆತದಲ್ಲಿ ಬಾಬ್ ಟೇಲರ್ ಔಟಾದರೆಂದು ತೀರ್ಪುಗಾರರು ಬೆರಳೆತ್ತಿದರು. ಚೆಂಡು ದಾಂಡಿಗೆ ತಗಲಿಲ್ಲವೆಂದು ಸ್ಲಿಪ್‌ನಲ್ಲಿದ್ದ ವಿಶ್ವನಾಥರಿಗೆ ಮನವರಿಕೆಯಾಗಿತ್ತು. ಅವರು ಸುಮ್ಮನಿದ್ದಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೂ ಅವರು ತೀರ್ಪುಗಾರರನ್ನು ಕೋರಿ ಟೇಲರ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಬಾಥಮ್ ಕೂಡಿ 171 ಓಟಗಳನ್ನು ಸೇರಿಸಿದರು. ಭಾರತ 10 ಹುದ್ದರಿಗಳಿಂದ ಸೋತಿತು. ಆದರೆ ಜನರು ಇಂದಿಗೂ ಗೌರವದಿಂದ ನೆನೆಯುವುದು ಸೋತ ನಾಯಕನ ಆ ನಡೆಯನ್ನೇ.

ಸಿಂದಗಿ ಸೀಮೆಯ ಮೋರಟಗಿಯಂತಹ ಊರಿನಲ್ಲಿ ಕಬಡ್ಡಿಯಾಡುವ ಬಾಲಕನಿಗೂ ಇಂತಹ ಗಳಿಗೆ ಒದಗುವುದು. ಎದುರಾಳಿಯ ಕೈ ತನ್ನ ಮೈಗೆ ತಾಗಿದ್ದು ನಿರ್ಣಾಯಕನಿಗೆ ಕಾಣದಿದ್ದಾಗ ತಾನೇ ಅಂಕಣದಿಂದ ಹೊರನಡೆಯುವವನು ಒಂದು ಅಂಕವನ್ನು ಕಳೆದುಕೊಂಡರೂ ಸಂಗಡಿಗರ ನಂಬಿಕೆಯನ್ನು ಗಳಿಸುವನು. ಮುಂದೆ ಅವನು ಸಹಕಾರಿ ಸಂಘದ ಕಾರ್ಯದರ್ಶಿಯಾಗಲಿ, ಕಾರ್ಖಾನೆಯ ಮೇಲ್ವಿಚಾರಕನಾಗಲಿ, ತನಗೆ ಲಾಭ ತರುವ ತಪ್ಪನ್ನೂ ತಾನೇ ತಿದ್ದುವನು. ಕೈಕೆಳಗಿನವರು ಅವನ ಮಾತಿಗಿಂತ ನಡತೆಯಿಂದಲೇ ಹೆಚ್ಚು ಕಲಿಯುವರು. ಅಧಿಕಾರವು ಪದವಿಯಿಂದ ಬರುವುದು. ನಾಯಕತ್ವವು ನಡತೆಯಿಂದ ಬರುವುದು.